ಊರಿನ ಬಯಲು ಜಾಗಗಳು: ಕಟ್ಟುವವರು ಅವುಗಳಿಂದ ಕಲಿಯಬೇಕಾದದ್ದು



2025ರಲ್ಲಿ ನಮ್ಮ ಕೊಹೀರ್ ಗ್ರಾಮ ಪಂಚಾಯಿತಿಯಿಂದ ಪುರಸಭೆಯಾಯಿತು. ಅದರ ಹಿಂದಿನ ವರ್ಷ, 2024ರ ಆಗಸ್ಟ್ 28ರಂದು, ಕೇಂದ್ರ ಸಚಿವ ಸಂಪುಟ ದೇಶದಲ್ಲಿ 12 ಹೊಸ ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಜಹೀರಾಬಾದ್ ಒಂದು. ಅದಕ್ಕೆ ಗುರುತಿಸಿರುವ ಜಾಗ 3,245 ಎಕರೆ. ಹೈದರಾಬಾದಿನಿಂದ ಬರುವ ಹೆದ್ದಾರಿಯ ಎರಡೂ ಬದಿಗೆ ‘ವೆಂಚರ್’ಗಳ ಬಣ್ಣದ ಕಲ್ಲುಗಳು ಏಳುತ್ತಿರುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ. ಊರು ಬೆಳೆಯಬೇಕು, ಮಕ್ಕಳಿಗೆ ಹತ್ತಿರದಲ್ಲೇ ಕೆಲಸ ಸಿಗಬೇಕು. ಅದರಲ್ಲಿ ನಮ್ಮದು ಎರಡು ಮಾತಿಲ್ಲ.

ಆದರೆ ಊರು ಬೆಳೆಯುವುದಕ್ಕೆ ಮೊದಲು ಒಂದು ನಕ್ಷೆ ಬರುತ್ತದೆ. ಅದರಲ್ಲಿ ಮನೆಗಳಿಗೆ ಒಂದು ಬಣ್ಣ, ಅಂಗಡಿಗಳಿಗೆ ಒಂದು ಬಣ್ಣ, ಶಾಲೆ, ಆಸ್ಪತ್ರೆ, ಕಾರ್ಖಾನೆಗೆ ಬೇರೆ ಬೇರೆ ಬಣ್ಣ. ಯಾವ ಬಣ್ಣಕ್ಕೂ ಸೇರದೆ ಉಳಿದದ್ದು ‘ಖಾಲಿ ಜಾಗ’. ಒಮ್ಮೆ ಖಾಲಿ ಎಂದು ಬರೆದರೆ ಮುಂದಿನ ಪ್ರಶ್ನೆ ಒಂದೇ: ಇಲ್ಲಿ ಏನು ಕಟ್ಟೋಣ? ಅಲ್ಲಿ ಈಗ ಏನು ನಡೆಯುತ್ತಿದೆ ಎಂದು ಕೇಳುವವರು ಕಡಿಮೆ. ಈ ಬಾರಿಯ ಲೇಖನ ಆ ಕೇಳದ ಪ್ರಶ್ನೆಯ ಬಗ್ಗೆ.

ವಾಸ್ತುಶಿಲ್ಪಿ ಎಂದಾಗ ಇಲ್ಲಿ ನಾವು ಹೇಳುತ್ತಿರುವುದು ವಾಸ್ತು ನೋಡಿ ಬಾಗಿಲು ತಿರುಗಿಸುವವರ ಬಗ್ಗೆ ಅಲ್ಲ; ಕಟ್ಟಡಗಳನ್ನೂ ಊರಿನ ಜಾಗಗಳನ್ನೂ ವಿನ್ಯಾಸ ಮಾಡುವವರ ಬಗ್ಗೆ. ನಮ್ಮ ಸಣ್ಣ ಊರುಗಳಲ್ಲಿ ಈ ಕೆಲಸವನ್ನು ಬಹುಪಾಲು ಇಂಜಿನಿಯರರು, ಮೇಸ್ತ್ರಿಗಳು, ವಾರ್ಡಿನ ಹಿರಿಯರು ಸೇರಿಯೇ ಮಾಡುತ್ತಾರೆ. ಆದ್ದರಿಂದ ಈ ಮಾತು ಅವರೆಲ್ಲರಿಗೂ ಸೇರಿದ್ದು.

ಖಾಲಿ ಬೇರೆ, ಬಯಲು ಬೇರೆ

ಕನ್ನಡದಲ್ಲಿ ‘ಖಾಲಿ’ ಎಂದರೆ ಒಳಗೆ ಏನೂ ಇಲ್ಲದ್ದು. ಖಾಲಿ ಕೊಡ, ಖಾಲಿ ಡಬ್ಬಿ. ‘ಬಯಲು’ ಎಂದರೆ ತೆರೆದುಕೊಂಡಿರುವುದು. ಎರಡೂ ಒಂದೇ ಅಲ್ಲ. ಗುಟ್ಟು ಹೊರಬಿದ್ದರೆ ಅದು ‘ಬಯಲಾಯಿತು’ ಎನ್ನುತ್ತೇವೆ. ನಾವು ಬದುಕುವ ಸೀಮೆ ಬಯಲುಸೀಮೆ. ಹಳ್ಳಿಯ ಜನ ರಾತ್ರಿಯಿಡೀ ಕೂತು ನೋಡುವ ಆಟಕ್ಕೆ ಹೆಸರು ಕೊಟ್ಟದ್ದೂ ಬಯಲೇ: ಬಯಲಾಟ. ಅದಕ್ಕೆ ಗೋಡೆಯಿರುವ ನಾಟಕಶಾಲೆ ಬೇಡ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಕಂಬ ನೆಟ್ಟು ಅಟ್ಟ ಹಾಕಿದರೆ ಅದೇ ರಂಗ. ಬೆಳಗಾದರೆ ಅದು ಮತ್ತೆ ದನ ಕಟ್ಟುವ, ಹುಡುಗರು ಚೆಂಡಾಡುವ ಜಾಗ. ನಮ್ಮಿಂದ ದೂರವಲ್ಲದ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಹುಟ್ಟಿದ ವಚನಗಳಲ್ಲಂತೂ ಬಯಲು ಅತ್ಯಂತ ತೂಕದ ಮಾತುಗಳಲ್ಲಿ ಒಂದು. ಇಷ್ಟೊಂದು ಅರ್ಥವಿರುವ ಪದ ನಮ್ಮ ಬಾಯಲ್ಲಿರುವಾಗ ಊರಿನ ತೆರೆದ ಜಾಗವನ್ನು ‘ಖಾಲಿ’ ಎಂದು ಕರೆಯುವುದು ಸರಿಯಲ್ಲ.

ಕಂದಾಯದ ಕಾಗದಗಳಲ್ಲಿ ಮಾತು ಇನ್ನೂ ಒರಟು. ನಿಜಾಮರ ಕಾಲದಿಂದ ಬಂದ ದಾಖಲೆಗಳಲ್ಲಿ ಇಂಥ ಸರಕಾರಿ ಜಾಗಕ್ಕೆ ‘ಖಾರಿಜ್ ಖಾತಾ’ ಎಂಬ ಹೆಸರಿದೆ. ಖಾತೆಯಿಂದ ಹೊರಗಿನದ್ದು ಎಂದು ಅರ್ಥ. ದನ ಮೇಯಲು ಬಿಟ್ಟದ್ದು ‘ಗಾಯರಾಣ’. ಕೆರೆಯ ಅಂಗಳ ‘ಶಿಖಂ’. ಆಚೆ ಕರ್ನಾಟಕದ ಪಹಣಿಯಲ್ಲಿ ‘ಖರಾಬು’ ಎಂಬ ಕಾಲಂ ಇದೆ. ಅದರಲ್ಲಿ ‘ಬಿ ಖರಾಬು’ ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಊರಿಗೆಲ್ಲ ಬೇಕಾದದ್ದಕ್ಕೆ ಕಾಗದದಲ್ಲಿ ಇಟ್ಟ ಹೆಸರು ‘ಕೆಟ್ಟದ್ದು’! ಕಂದಾಯ ಕೊಡದ ನೆಲ ಸರಕಾರದ ಲೆಕ್ಕಕ್ಕೆ ಪ್ರಯೋಜನವಿಲ್ಲದ ನೆಲವಾಗಿತ್ತು. ಆ ಲೆಕ್ಕದ ಕಣ್ಣೇ ಇಂದಿನ ನಕ್ಷೆಗಳಿಗೂ ಬಂದಿದೆ.

ನಕ್ಷೆಯ ಗೆರೆ ಮತ್ತು ನೆಲದ ಮೇಲಿನ ಬದುಕು ಬೇರೆ ಬೇರೆ ಎಂಬುದು ನಮಗೆ ಹೊಸದಲ್ಲ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ನಾರಾಯಣಖೇಡ್ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ನ್ಯಾಲಕಲ್ ಸರ್ಕಲ್, ಹಾಗೆಯೇ ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ರಾಜ್ಯದ ಹೆಸರು ಬದಲಾಯಿತು, 2016ರಲ್ಲಿ ಜಿಲ್ಲೆಯ ಹೆಸರು ಬದಲಾಯಿತು. ಅಷ್ಟೆಲ್ಲ ಆದರೂ ನಮ್ಮ ಜನ ಬೀದರಿಗೆ ಹೆಣ್ಣು ಕೊಡುವುದು, ತರುವುದು, ಆಚೆಯವರು ಈಚೆಯ ಸಂತೆಗೆ ಬರುವುದು ನಿಲ್ಲಲಿಲ್ಲ. ಮೇಲಿನಿಂದ ಎಳೆದ ಗೆರೆಗೆ ಕಾಣದ ಬದುಕು ಏನೆಂದು ಗಡಿಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರೊಳಗಿನ ಬಯಲುಗಳ ವಿಷಯವೂ ಇದೇ.

ಒಂದೇ ಜಾಗ, ಹಲವು ಸರದಿ

ಇಂಥ ಜಾಗಗಳಲ್ಲಿ ಏನೇನು ನಡೆಯುತ್ತದೆ ಎಂದು ಸುಮ್ಮನೆ ಎಣಿಸಿ ನೋಡೋಣ.

ಸಂತೆಯ ಜಾಗವನ್ನು ತೆಗೆದುಕೊಳ್ಳಿ. ವಾರದಲ್ಲಿ ಒಂದು ದಿನ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಉಳಿದ ಆರು ದಿನ ಬಂದು ನೋಡಿದ ಅಧಿಕಾರಿಗೆ ಅದು ಪಾಳು ಬಿದ್ದ ಮೈದಾನ. ಆದರೆ ಆ ಆರು ದಿನವೂ ಅದು ಸುಮ್ಮನಿರುವುದಿಲ್ಲ. ಬೆಳಿಗ್ಗೆ ಹುಡುಗರ ಕ್ರಿಕೆಟ್, ಮಧ್ಯಾಹ್ನ ಆಟೋಗಳು, ಲಗ್ನವಿದ್ದರೆ ಶಾಮಿಯಾನ, ಚುನಾವಣೆ ಬಂದರೆ ಸಭೆ.

ಪೀರ್‌ಗಳನ್ನು ಕೂರಿಸುವ ಆಶುರ್ಖಾನೆಯ ಎದುರಿನ ಅಲಾಯಿ ಕುಣಿ ಇನ್ನೊಂದು. ಮೊಹರಮ್ಮಿನ ಹತ್ತು ದಿನ ಅದರ ಸುತ್ತ ಹಿಂದೂಗಳು, ಮುಸ್ಲಿಮರು ಕೂಡಿ ಹೆಜ್ಜೆ ಹಾಕುತ್ತಾರೆ. ಉಳಿದ ದಿನಗಳಲ್ಲಿ ಹೊಸಬರ ಕಣ್ಣಿಗೆ ಅದು ಮುಚ್ಚಬೇಕಾದ ಒಂದು ಗುಂಡಿ. ಬತುಕಮ್ಮನ ದಿನಗಳಲ್ಲಿ ಹೆಣ್ಣುಮಕ್ಕಳು ಹೂವಿನ ರಾಶಿಯನ್ನು ನಡುವೆ ಇಟ್ಟು ಸುತ್ತುವುದಕ್ಕೂ ಒಂದು ಸಮನಾದ ಬಯಲು, ಹತ್ತಿರದಲ್ಲಿ ನೀರು ಬೇಕು. ಆ ರಾಶಿಯ ತಂಗಡಿ ಹೂ, ಗುನುಗಿನ ಹೂ ತೋಟದಲ್ಲಿ ಬೆಳೆದವಲ್ಲ. ಬದುವಿನಲ್ಲಿ, ಹಾಳು ನೆಲದಲ್ಲಿ ತಾವಾಗಿ ಎದ್ದವು.

ಇನ್ನು ಕಣ. ಜೋಳ, ತೊಗರಿ ರಾಶಿ ಮಾಡಲು ಊರಂಚಿನಲ್ಲಿ ಇದ್ದ ಗಟ್ಟಿ ನೆಲ. ವರ್ಷಕ್ಕೆ ಒಂದೆರಡು ತಿಂಗಳು ಮಾತ್ರ ಅದಕ್ಕೆ ಕೆಲಸ ಎಂದು ಬಹಳ ಊರುಗಳಲ್ಲಿ ಮನೆಗಳು ಬಂದವು, ಪ್ಲಾಟು ಬಿದ್ದವು. ಕಣ ಹೋಯಿತು, ಕಾಳು ಒಣಗಿಸುವ ಕೆಲಸ ಹೋಗಲಿಲ್ಲ. ಈಗ ಸುಗ್ಗಿಯಲ್ಲಿ ರೈತರು ಡಾಂಬರು ರಸ್ತೆಯ ಅರ್ಧ ಭಾಗಕ್ಕೆ ಕಲ್ಲಿಟ್ಟು ಕಾಳು ಹರವುತ್ತಾರೆ. ರಾತ್ರಿ ಬೈಕಿನಲ್ಲಿ ಬರುವವನಿಗೆ ಆ ಕಲ್ಲು ಕಾಣುವುದಿಲ್ಲ. ‘ಖಾಲಿ’ ಎಂದು ತುಂಬಿಸಿದ ಒಂದು ಜಾಗದ ಬೆಲೆಯನ್ನು ಇನ್ನೆಲ್ಲೋ, ಇನ್ಯಾರೋ ಕೊಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಬೆಳಗಿನ ಹೊತ್ತು ಚೌರಸ್ತೆಯ ಬದಿಯ ‘ಅಡ್ಡಾ’ವನ್ನೂ ಮರೆಯಬಾರದು. ಗೌಂಡಿಗಳು, ಕೂಲಿಯವರು ಊಟದ ಡಬ್ಬಿ ಹಿಡಿದು ಕೆಲಸಕ್ಕಾಗಿ ನಿಲ್ಲುವ ಜಾಗ ಅದು. ಹತ್ತು ಗಂಟೆಗೆ ಅಲ್ಲಿ ಯಾರೂ ಇರುವುದಿಲ್ಲ. ಹನ್ನೊಂದಕ್ಕೆ ಬಂದು ಅಳತೆ ಮಾಡಿದವರಿಗೆ ಅಲ್ಲೊಂದು ಕೂಲಿ ಮಾರುಕಟ್ಟೆ ಇದೆಯೆಂಬ ಸುಳಿವೂ ಸಿಗುವುದಿಲ್ಲ. ಕೊಹೀರಿನ ಜಾಮಕಾಯಿ ಬಂತೆಂದರೆ ಬುಟ್ಟಿಗಳು ಬಂದು ಕೂರುವುದೂ ಇಂಥ ರಸ್ತೆಯಂಚಿನಲ್ಲೇ.

ಊಟಕ್ಕೂ ಬಯಲಿಗೂ ಇರುವ ನಂಟನ್ನು ನಮ್ಮ ಭಾಗದವರೇ ಜಗತ್ತಿಗೆ ತೋರಿಸಿದ್ದಾರೆ. ಮೈಸೂರು ಮೂಲದ ಪಿ.ವಿ. ಸತೀಶ್ ಮತ್ತು ಅವರ ಸಂಗಡಿಗರು 1983ರಲ್ಲಿ ಆರಂಭಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಜಹೀರಾಬಾದ್ ಬಳಿಯ ಪಸ್ತಾಪುರದಿಂದ ಕೆಲಸ ಮಾಡುತ್ತಾ ಬಂದಿದೆ. ಬೀಳು ಬಿದ್ದ ನೆಲವನ್ನು ಬಡ ದಲಿತ ಹೆಣ್ಣುಮಕ್ಕಳ ಸಂಘಗಳು ಮತ್ತೆ ಹಸಿರು ಮಾಡಿದ್ದು ಅದರ ದೊಡ್ಡ ಕೆಲಸ. ಯಾರೂ ಬಿತ್ತದೆ ಬದುಗಳಲ್ಲಿ ಏಳುವ ಸೊಪ್ಪುಗಳನ್ನು ಆ ಹೆಣ್ಣುಮಕ್ಕಳು ಕಳೆ ಎಂದು ಕರೆಯಲಿಲ್ಲ, ಊಟವೆಂದೇ ದಾಖಲಿಸಿದರು. ನಮ್ಮ ಮನೆಗಳಲ್ಲೂ ಹಿರಿಯರು ಗೋಳಿ ಪಲ್ಯ, ಅಣ್ಣೆ ಸೊಪ್ಪು, ತಗಚೆ ಸೊಪ್ಪು ತಂದು ಬೇಯಿಸಿದ್ದನ್ನು ಹಲವರು ಉಂಡಿದ್ದೇವೆ. ಬತುಕಮ್ಮಕ್ಕೆ ಹೂ ಕೊಡುವ ಗುನುಗು, ಅಡುಗೆಗೆ ಬರುವ ಅಣ್ಣೆ, ಎರಡೂ ಒಂದೇ ಗಿಡ. ಆ ಸಂಘಗಳ ಎತ್ತಿನ ಗಾಡಿಗಳು ಸಂಕ್ರಾಂತಿಯ ಹೊತ್ತಿಗೆ ಹಳೆಯ ಬೀಜಗಳನ್ನು ಹೊತ್ತು ‘ಪಾತ ಪಂಟಲ ಜಾತರ’ಕ್ಕೆ ಹೊರಟಾಗಲೂ ಪ್ರತಿ ಹಳ್ಳಿಯಲ್ಲಿ ಜನ ಸೇರಲು ಒಂದು ಬಯಲು ಬೇಕೇ ಬೇಕು.

ದೊಡ್ಡ ಊರುಗಳ ವಾಸ್ತುಶಿಲ್ಪಿಗಳು ಕಂಡದ್ದು

ಇದೆಲ್ಲ ಹಳ್ಳಿಯ ಹಳೆಯ ಕಥೆ, ನಗರಕ್ಕೆ ಸಲ್ಲದು ಎನ್ನುವವರಿದ್ದಾರೆ. ಆದರೆ ಇದೇ ವಿಷಯವನ್ನು ದೊಡ್ಡ ನಗರಗಳಲ್ಲಿ ಕೆಲಸ ಮಾಡಿದವರು ಗಂಭೀರವಾಗಿ ಯೋಚಿಸಿದ್ದಾರೆ.

ಬಾರ್ಸಿಲೋನಾದ ವಾಸ್ತುಶಿಲ್ಪಿ ಇಗ್ನಾಸಿ ದ ಸೋಲಾ-ಮೊರಾಲೆಸ್ 1995ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಇಂಥ ಜಾಗಗಳಿಗೆ ‘ತೆರೇನ್ ವಾಗ್’ ಎಂಬ ಫ್ರೆಂಚ್ ಹೆಸರನ್ನು ಬಳಸಿದರು. ಮುಚ್ಚಿದ ಕಾರ್ಖಾನೆ, ಬಿಟ್ಟುಹೋದ ರೈಲು ಅಂಗಳ, ಬಂದರಿನ ಹಳೆಯ ಮೂಲೆ, ಇವೆಲ್ಲ ಅದರಲ್ಲಿ ಸೇರುತ್ತವೆ. ‘ವಾಗ್’ ಎಂಬ ಮಾತಿನಲ್ಲಿ ಬರಿದು, ಅಸ್ಪಷ್ಟ, ಕಟ್ಟಿಲ್ಲದ್ದು ಎಂಬ ಅರ್ಥಗಳು ಒಟ್ಟಿಗೆ ಇವೆ. ಇಂಥ ಜಾಗಕ್ಕೆ ವಾಸ್ತುಶಿಲ್ಪಿ ಕೈ ಹಾಕಿದ ಕೂಡಲೇ ಅಲ್ಲಿದ್ದ ಸ್ವಾತಂತ್ರ್ಯ ಹೋಗಿಬಿಡುವ ಅಪಾಯವಿದೆ ಎಂಬುದು ಅವರ ಆತಂಕ.

ಆಮ್‌ಸ್ಟರ್‌ಡಾಮಿನಲ್ಲಿ ಎರಡನೇ ಮಹಾಯುದ್ಧದ ನಂತರ ಊರೊಳಗೆ ಎಷ್ಟೋ ನಿವೇಶನಗಳು ಬರಿದಾಗಿ ಬಿದ್ದಿದ್ದವು. ನಗರಸಭೆಯಲ್ಲಿ ಕೆಲಸಕ್ಕೆ ಸೇರಿದ ತರುಣ ಆಲ್ಡೋ ವಾನ್ ಐಕ್ 1947ರಲ್ಲಿ ಒಂದು ಚೌಕದಲ್ಲಿ ಮಕ್ಕಳ ಆಟದ ಜಾಗ ಮಾಡಿದರು. ಒಂದು ಮರಳಿನ ತೊಟ್ಟಿ, ಕೆಲವು ಕಬ್ಬಿಣದ ಕಂಬಿ, ಹಾರಿ ನಿಲ್ಲಲು ಕೆಲವು ಕಲ್ಲು, ಕೂರಲು ಬೆಂಚು. ಅಷ್ಟೇ. ಅದನ್ನು ನೋಡಿದ ಬೇರೆ ಓಣಿಯವರು ನಮಗೂ ಬೇಕೆಂದು ನಗರಸಭೆಗೆ ಪತ್ರ ಬರೆದರು. 1978ರ ಹೊತ್ತಿಗೆ ಅಂಥ 700ಕ್ಕೂ ಹೆಚ್ಚು ಜಾಗಗಳಾದವು. ಆನೆ, ಕುದುರೆಯ ಆಕಾರದ ಆಟಿಕೆಗಳನ್ನು ಅವರು ಇಡಲಿಲ್ಲ. ಕಲ್ಲು ಕಲ್ಲಾಗಿಯೇ ಇದ್ದರೆ ಮಗು ಅದನ್ನು ಇವತ್ತು ಬೆಟ್ಟ ಮಾಡುತ್ತದೆ, ನಾಳೆ ಅಂಗಡಿ ಮಾಡುತ್ತದೆ.

ಫ್ರಾನ್ಸಿನ ಬೋರ್ಡೋ ನಗರದ್ದು ಇನ್ನೂ ಸ್ವಾರಸ್ಯದ ಸಂಗತಿ. 1996ರಲ್ಲಿ ಅಲ್ಲಿನ ನಗರಸಭೆ ಒಂದು ಸಣ್ಣ ಚೌಕವನ್ನು ಚಂದ ಮಾಡಿಕೊಡಿ ಎಂದು ಆನ್ ಲಾಕಟೋನ್ ಮತ್ತು ಜಾನ್-ಫಿಲಿಪ್ ವಾಸಾಲ್ ಅವರಿಗೆ ಒಪ್ಪಿಸಿತು. ಅವರು ಹೋಗಿ ಕೂತು ನೋಡಿದರು, ಅಲ್ಲಿಯವರೊಡನೆ ಮಾತಾಡಿದರು. ಮರಗಳಿವೆ, ಬೆಂಚುಗಳಿವೆ, ಜನ ಆಡುತ್ತಾರೆ, ಹರಟುತ್ತಾರೆ. ಇದು ಈಗಲೇ ಚಂದವಾಗಿದೆ, ಹೊಸದೇನೂ ಬೇಡ ಎಂದರು. ಹಾಸಿದ ಸಣ್ಣ ಕಲ್ಲು ಬದಲಿಸಿ, ಮರಗಳ ಆರೈಕೆ ಮಾಡಿ, ಇನ್ನಷ್ಟು ಸಲ ಕಸ ಗುಡಿಸಿ, ಇಷ್ಟೇ ಅವರ ಸಲಹೆ. ಈ ಇಬ್ಬರಿಗೆ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ನಮ್ಮ ಹತ್ತಿರದವರ ಮಾತೂ ಹೇಳಬೇಕು. ಚಾರ್ಲ್ಸ್ ಕೊರಿಯಾ ಹುಟ್ಟಿದ್ದು 1930ರಲ್ಲಿ, ಸಿಕಂದರಾಬಾದಿನಲ್ಲಿ. ನಮ್ಮಂಥ ಬಿಸಿಲಿನ ದೇಶದಲ್ಲಿ ಮನೆ ಎಂದರೆ ಚಾವಣಿಯ ಕೆಳಗಿನ ಕೋಣೆ ಮಾತ್ರ ಅಲ್ಲ ಎಂಬುದು ಅವರ ವಾದ. ಅವರು ನಾಲ್ಕು ಮಜಲು ಹೇಳಿದರು: ಮನೆಯವರ ಖಾಸಗಿ ಜಾಗ, ನೆರೆಯವರು ಸಿಗುವ ಹೊಸ್ತಿಲು, ಓಣಿಯವರು ಸೇರುವ ನಲ್ಲಿ ಅಥವಾ ಬಾವಿ, ಊರೆಲ್ಲ ಬಳಸುವ ಮೈದಾನ. ಇವುಗಳಲ್ಲಿ ಒಂದು ಕುಗ್ಗಿದರೆ ಇನ್ನೊಂದು ಅದನ್ನು ತುಂಬಿಕೊಡಬೇಕು. ಬಡವರ ಮನೆ ಸಣ್ಣದಿದ್ದಷ್ಟೂ ಹೊರಗಿನ ಬಯಲಿನ ಬೆಲೆ ಹೆಚ್ಚು. ಎರಡು ಕೋಣೆಯ ಮನೆಯಲ್ಲಿ ಆರು ಜನ ಇರುವ ನಮ್ಮ ಓಣಿಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಲಿಯಬೇಕಾದದ್ದೇನು?

ಮೊದಲನೆಯದು, ಗಡಿಯಾರ ಹಿಡಿದು ನೋಡುವುದು. ಅಳತೆಯ ಟೇಪು ಉದ್ದ ಅಗಲ ಹೇಳುತ್ತದೆ, ಹೊತ್ತು ಹೇಳುವುದಿಲ್ಲ. ಒಂದು ಬಯಲನ್ನು ಬೆಳಗಿನ ಆರಕ್ಕೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತಿಗೆ, ಸಂತೆಯ ದಿನ, ಹಬ್ಬದ ದಿನ, ಮಳೆ ಬಂದ ಮರುದಿನ ನೋಡಬೇಕು. ಆರೂ ಸಲ ಖಾಲಿಯಾಗಿ ಕಂಡರೆ ಆಗ ಖಾಲಿ ಎಂದು ಬರೆಯಬಹುದು.

ಎರಡನೆಯದು, ಅಂಚನ್ನು ಗಮನಿಸುವುದು. ನಮ್ಮ ಜನ ಬಯಲಿನ ನಟ್ಟನಡುವೆ ಕೂರುವುದಿಲ್ಲ. ಮರದ ಬುಡದ ಕಟ್ಟೆಯಲ್ಲಿ, ಗುಡಿಯ ಗೋಡೆಯ ನೆರಳಲ್ಲಿ, ಚಹಾ ಅಂಗಡಿಯ ಮಗ್ಗುಲಲ್ಲಿ ಕೂರುತ್ತಾರೆ. ನಡುವನ್ನು ಆಟಕ್ಕೆ, ಸಂತೆಗೆ, ಕುಣಿತಕ್ಕೆ ಬಿಟ್ಟಿರುತ್ತಾರೆ. ಹೊಸ ಉದ್ಯಾನಗಳಲ್ಲಿ ಇದು ತಲೆಕೆಳಗು. ನಡುವೆ ಕಾರಂಜಿ, ಸುತ್ತ ಕಬ್ಬಿಣದ ಬೇಲಿ, ಬೇಲಿಯ ಗೇಟಿಗೆ ಬೀಗ. ಅಂಚನ್ನು ಕಿತ್ತುಕೊಂಡು ನಡುವನ್ನು ತುಂಬಿಸಿದರೆ ಆ ಜಾಗದಲ್ಲಿ ಉಳಿಯುವುದು ನೋಡುವ ಕೆಲಸ ಮಾತ್ರ.

ಮೂರನೆಯದು, ಕಡಿಮೆ ಸೇರಿಸುವುದು. ಒಂದು ನೆರಳು, ಒಂದು ಕುಡಿಯುವ ನೀರು, ಕೂರಲು ಒಂದು ಕಟ್ಟೆ, ಒಂದು ದೀಪ, ಸಾಧ್ಯವಾದರೆ ಒಂದು ಶೌಚಾಲಯ. ಬೇವಿನ ಸುತ್ತ ಕಲ್ಲಿನ ಕಟ್ಟೆ ಕಟ್ಟಿದ ಹಿರಿಯರು ಮಾಡಿದ್ದು ಇದನ್ನೇ. ಅದಕ್ಕೆ ಬೇಕಾದ ಹಾಸುಗಲ್ಲು ತಾಂಡೂರಿನಲ್ಲೇ ಇದೆ. ಬೆಳಗಿನ ಅಡ್ಡಾದಲ್ಲಿ ನಿಲ್ಲುವ ಕೂಲಿಯವರಿಗೆ ಬೇಕಾದದ್ದು ಇಷ್ಟೇ, ದೊಡ್ಡ ಭವನವಲ್ಲ.

ನಾಲ್ಕನೆಯದು, ನೀರಿನ ದಾರಿ ಓದುವುದು. ಬಹಳ ಬಯಲುಗಳು ಕಟ್ಟದೆ ಉಳಿದಿರುವುದಕ್ಕೆ ಕಾರಣ ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ ಎಂಬುದು. ಹಿರಿಯರಿಗೆ ಅದು ಗೊತ್ತಿತ್ತು. ಹೈದರಾಬಾದಿನಲ್ಲಿ ಕೆರೆಯಂಗಳ, ನಾಲೆಗಳ ಮೇಲೆ ಮನೆ ಎದ್ದು, 2020ರ ಅಕ್ಟೋಬರಿನ ಮಳೆಗೆ ಬಡಾವಣೆಗಳೇ ಮುಳುಗಿದವು. 2024ರಲ್ಲಿ ‘ಹೈಡ್ರಾ’ ಎಂಬ ಬೇರೆಯೇ ಇಲಾಖೆ ಮಾಡಿ ಕಟ್ಟಿದ್ದನ್ನು ಕೆಡವಬೇಕಾಯಿತು. ಸಣ್ಣ ಊರುಗಳಿಗೆ ಕೆಡವುವ ಪ್ರಸಂಗ ಬರುವ ಮೊದಲೇ ಎಚ್ಚರವಾಗುವ ಅವಕಾಶ ಇನ್ನೂ ಇದೆ.

ಐದನೆಯದು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು. ಒಂದು ಜಾಗಕ್ಕೆ ಒಂದೇ ಕೆಲಸ ಎಂದು ಗಟ್ಟಿ ಮಾಡಿದರೆ ಉಳಿದ ಒಂಬತ್ತು ಕೆಲಸದವರು ಹೊರಗಾಗುತ್ತಾರೆ. ಹೊರಗಾಗುವವರು ಯಾರು ನೋಡಿ: ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳು, ಕೂಲಿಯವರು, ಕುರಿಯವರು, ಮಕ್ಕಳು. ಆ ಜಾಗದ ಮೇಲೆ ಕಾಗದದ ಹಕ್ಕಿಲ್ಲದವರು. ಬಯಲಿನ ಮುಖ್ಯ ಗುಣ ಇದು: ಸರದಿ ಬಂದಾಗ ಬಳಸಿ, ಮುಗಿದ ಮೇಲೆ ಮುಂದಿನವರಿಗೆ ಬಿಟ್ಟುಕೊಡುವುದು. ವಿನ್ಯಾಸ ಮಾಡುವವರು ಕಾಪಾಡಬೇಕಾದದ್ದು ಆ ಸರದಿಯನ್ನು.

ಬಯಲಿನ ಕಷ್ಟಗಳೂ ಇವೆ

ಇಷ್ಟು ಹೇಳಿ ಬಯಲನ್ನು ಬರೀ ಹೊಗಳಿದರೆ ಅರ್ಧ ಸತ್ಯವಾದೀತು. ನಮ್ಮ ಕಡೆ ‘ಬಯಲಕಡೆ’ ಹೋಗುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಮನೆಯಲ್ಲಿ ಶೌಚಾಲಯವಿಲ್ಲದೆ ಕತ್ತಲಾಗುವುದನ್ನು ಕಾಯುತ್ತಿದ್ದ ಹೆಣ್ಣುಮಕ್ಕಳ ನೆನಪಿನಲ್ಲಿ ಬಯಲು ಅಷ್ಟು ಚಂದದ ಮಾತಲ್ಲ. ದೀಪವಿಲ್ಲದ ಜಾಗ ಕುಡುಕರದ್ದಾಗುತ್ತದೆ, ಕಸ ಎತ್ತದ ಜಾಗ ತಿಪ್ಪೆಯಾಗುತ್ತದೆ. ಊರ ಬಯಲು ಎಲ್ಲರದ್ದು ಎಂದು ಹೇಳುತ್ತಿದ್ದ ಕಾಲದಲ್ಲೂ ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬ ಜಾತಿಯ ಲೆಕ್ಕ ಇದ್ದೇ ಇತ್ತು. ತಾಂಡೂರಿನ ಕಡೆ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಲ್ಲಿ ನೀರು ತುಂಬಿದರೆ ಈಜಲು ಇಳಿದ ಮಕ್ಕಳ ಜೀವಕ್ಕೇ ಅಪಾಯ. ಅಲ್ಲಿ ಬೇಲಿ ಬೇಕು, ಎಚ್ಚರಿಕೆಯ ಫಲಕ ಬೇಕು.

ಆದ್ದರಿಂದ ಹಾಗೇ ಬಿಡುವುದು ಎಂದರೆ ಕೈ ಬಿಡುವುದಲ್ಲ. ಬೋರ್ಡೋದ ವಾಸ್ತುಶಿಲ್ಪಿಗಳು ಏನೂ ಕಟ್ಟಬೇಡಿ ಎಂದ ಮಾತಿನ ಜೊತೆಗೇ ಕಸ ಗುಡಿಸಿ, ಮರ ನೋಡಿಕೊಳ್ಳಿ ಎಂದೂ ಹೇಳಿದ್ದರು. ಬಯಲಿಗೆ ಬೇಕಾದದ್ದು ನಿತ್ಯದ ಆರೈಕೆ, ಒಂದು ದೀಪ, ಸುತ್ತಲಿನವರ ಕಣ್ಣು.

ಕಾಯ್ದೆಯ ಆಸರೆ

ಇದು ಬರೀ ಒಳ್ಳೆಯ ಮನಸ್ಸಿಗೆ ಬಿಟ್ಟ ವಿಷಯವಲ್ಲ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರಿನ ಸಾಮೂಹಿಕ ಜಮೀನುಗಳ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಹೇಳಿತು. ಆ ಪ್ರಕರಣ ಪಂಜಾಬಿನ ಒಂದು ಊರಿನ ಕೆರೆಗೆ ಸಂಬಂಧಿಸಿದ್ದು. ತೀರ್ಪು ದೇಶಕ್ಕೆಲ್ಲ ಅನ್ವಯಿಸುತ್ತದೆ.

ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಬಂದ ಕಾಯ್ದೆ ಪಟ್ಟಣಗಳಿಗೆ ಅನ್ವಯಿಸುತ್ತದೆ. ಕೊಹೀರ್ ಪುರಸಭೆಯಾದ ಮೇಲೆ ಅಲ್ಲಿನ ಬುಟ್ಟಿ, ಬಂಡಿಯವರಿಗೂ ಅದರ ಆಸರೆ ಸಿಗಬೇಕು. ಆ ಕಾಯ್ದೆಯ ಪ್ರಕಾರ ಪಟ್ಟಣದಲ್ಲಿ ಒಂದು ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಜನ ತಾವಾಗಿ ಸೇರಿ ಬೆಳೆದ ಮಾರುಕಟ್ಟೆಯನ್ನು ‘ಸಹಜ ಮಾರುಕಟ್ಟೆ’ ಎಂದು ಆ ಕಾಯ್ದೆ ಗುರುತಿಸುತ್ತದೆ.

ಹೊಸ ಲೇಔಟುಗಳಲ್ಲಿ ನೂರಕ್ಕೆ 10ರಷ್ಟು ತೆರೆದ ಜಾ‌ಗ ಬಿಟ್ಟು ಸ್ಥಳೀಯ ಸಂಸ್ಥೆಗೆ ಬರೆದುಕೊಡಬೇಕೆಂಬ ನಿಯಮವೂ ಇದೆ. ಬಹಳ ಕಡೆ ಆ ಜಾಗ ಮಾರಾಟವಾಗದ ಮೂಲೆಯಲ್ಲಿ, ವಿದ್ಯುತ್ ತಂತಿಯ ಕೆಳಗೆ ಬೀಳುತ್ತದೆ. ಪ್ಲಾಟು ಕೊಳ್ಳುವ ನಮ್ಮ ಸದಸ್ಯರು ರಸ್ತೆಯ ಅಗಲ ಕೇಳುವಂತೆ ಇದನ್ನೂ ಕೇಳಬೇಕು: ಬಯಲು ಎಲ್ಲಿ ಬಿಟ್ಟಿದ್ದೀರಿ? ಮಕ್ಕಳು ನಡೆದು ಹೋಗುವ ದೂರದಲ್ಲಿದೆಯೇ?

ಸದಸ್ಯರಲ್ಲಿ ವಿನಂತಿ

ಕೊಹೀರ್, ಜಹೀರಾಬಾದ್, ನಾರಾಯಣಖೇಡ್, ತಾಂಡೂರುಗಳ ಸದಸ್ಯರು ತಮ್ಮ ಓಣಿಯ ಒಂದೊಂದು ಬಯಲನ್ನು ಒಂದು ವಾರ ಗಮನಿಸಿ, ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಬರೆಯಬೇಕಾದದ್ದು ಇಷ್ಟು. ಜನ ಅದನ್ನು ಏನೆಂದು ಕರೆಯುತ್ತಾರೆ? ಕನ್ನಡ, ತೆಲುಗು, ಉರ್ದು ಹೆಸರು ಬೇರೆಯಿದ್ದರೆ ಮೂರನ್ನೂ ಬರೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಯಾರು ಬರುತ್ತಾರೆ, ಏನು ಮಾಡುತ್ತಾರೆ? ಹೆಣ್ಣುಮಕ್ಕಳು ಯಾವ ಹೊತ್ತಿಗೆ ಬರುತ್ತಾರೆ, ಯಾವ ಹೊತ್ತಿಗೆ ಬರುವುದಿಲ್ಲ? ಹಬ್ಬ, ಸಂತೆ, ಸುಗ್ಗಿಯಲ್ಲಿ ಅದು ಹೇಗಿರುತ್ತದೆ? ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಮರ, ನೀರು, ದೀಪ ಇವೆಯೇ? ಸರ್ವೆ ನಂಬರ್ ಗೊತ್ತಿದ್ದರೆ ಅದೂ ಇರಲಿ. ವಾಸ್ತುಶಿಲ್ಪ, ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ರಜೆಗೆ ಬಂದಾಗ ಅವರಿಂದ ಒಂದು ಕೈನಕ್ಷೆ ಬರೆಯಿಸಿ.

ಬಂದ ಹಾಳೆಗಳನ್ನು ಜೋಡಿಸಿ ಪುರಸಭೆಗಳಿಗೆ ಕೊಡುವ ಯೋಚನೆ ನಮ್ಮದು. ಊರಿನ ನಕ್ಷೆ ತಯಾರಾಗುವಾಗ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳುತ್ತಾರೆ. ಆಗ ‘ಇದು ಖಾಲಿ ಜಾಗವಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ, ಕಾಗದ ಬೇಕು.

ಇನ್ನೊಂದು ಕಾರಣವೂ ಇದೆ. ಅಗಸಿ ಬಯಲು, ಕಣದ ಮಗ್ಗುಲು, ದೊಡ್ಡ ಬೇವಿನ ಕಟ್ಟೆ, ಇಂಥ ಹೆಸರುಗಳು ಯಾವ ಫಲಕದಲ್ಲೂ ಇಲ್ಲ. ಶಾಲೆಯ ಪುಸ್ತಕದಲ್ಲಿಲ್ಲ, ಕಚೇರಿಯ ಕಾಗದದಲ್ಲಿಲ್ಲ. ಆ ಜಾಗಕ್ಕೆ ಹೋಗಿ ಬರುವವರ ಬಾಯಲ್ಲಿ ಮಾತ್ರ ಇವೆ. ಜಾಗ ಹೋದರೆ ನಮ್ಮ ಊರುಗಳಲ್ಲಿ ಅಷ್ಟು ಕನ್ನಡವೂ ಹೋಗುತ್ತದೆ. ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳೋಣ. ನಿಮ್ಮ ಹಾಳೆಗಳಿಗಾಗಿ ಕಾಯುತ್ತಿರುತ್ತೇವೆ.